ಗಂಟೆಗೆ ನಾಲ್ಕು ಚಮಚ

ಕ್ಯಾನ್ಸರ್ ರೋಗಿಯೊಬ್ಬರು ತೀವ್ರ ನಿಗಾ ಘಟಕಕ್ಕೆ ದಾಖಲಾದಾಗ, ಕಾಯಿಲೆಗೆ ಮೊದಲು ಅವರ ತೂಕ ಎಷ್ಟಿತ್ತು ಎಂದು ಮನೆಯವರನ್ನು ಕೇಳಿದರೆ ನಿಖರವಾದ ಉತ್ತರ ಸಿಗುವುದು ಅಪರೂಪ. ಆದ್ದರಿಂದ ನಾನು ಬೇರೆ ಪ್ರಶ್ನೆಗಳಿಂದ ಆರಂಭಿಸುತ್ತೇನೆ. ಗಂಡಸರಾದರೆ ಉಡಿದಾರವನ್ನು ಈಚೆಗೆ ಎಷ್ಟು ಸಲ ಬಿಗಿಮಾಡಿ ಕಟ್ಟಿದ್ದಾರೆ ಎಂದು ಕೇಳುತ್ತೇನೆ. ಹೆಂಗಸರಾದರೆ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವೇ, ಕುಪ್ಪಸಕ್ಕೆ ಮತ್ತೊಂದು ಒಳಹೊಲಿಗೆ ಬಿದ್ದಿದೆಯೇ, ಉಂಗುರ ನಿಲ್ಲಲೆಂದು ದಾರ ಸುತ್ತಿದ್ದಾರೆಯೇ ಎಂದು ಕೇಳುತ್ತೇನೆ. ಇವಕ್ಕೆ ಯಾರೂ ಯೋಚಿಸಿ ಉತ್ತರಿಸಬೇಕಾಗಿಲ್ಲ. ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ಹದಿನೇಳು ವರ್ಷಗಳಿಂದ ಆಹಾರತಜ್ಞೆಯಾಗಿ, ಅದರಲ್ಲಿ ಹೆಚ್ಚಿನ ಕಾಲವನ್ನು ಐಸಿಯುವಿನಲ್ಲೇ ಕಳೆದಿರುವ ನನಗೆ, ಹಾಸಿಗೆಯ ಸುತ್ತ ನಿಂತಿರುವ ಯಂತ್ರಗಳು ಯಾವುವೂ ತಿಳಿಸದ ಒಂದು ಸಂಗತಿಯನ್ನು ಆ ಉತ್ತರಗಳು ತಿಳಿಸುತ್ತವೆ: ಈ ದೇಹ ಇಲ್ಲಿಗೆ ಬರುವ ಮುನ್ನ ಎಷ್ಟು ಕಾಲ ಹಸಿದಿತ್ತು ಎಂಬುದನ್ನು.

ಹಾವೇರಿ ಕಡೆಯ ರೈತರೊಬ್ಬರ ವಿಷಯವನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅವರಿಗೆ ಅನ್ನನಾಳದ ಕ್ಯಾನ್ಸರ್. ಮಗನನ್ನು ಉಡಿದಾರದ ಬಗ್ಗೆ ಕೇಳಿದಾಗ, "ನಾನೇ ಮೂರು ಸಲ ಗಂಟು ಹಾಕಿಕೊಟ್ಟೀನ್ರಿ ಮೇಡಂ" ಎಂದರು. ಯುಗಾದಿಯ ಹೊತ್ತಿಗೆ ರೊಟ್ಟಿ ಎದೆಯಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ರೊಟ್ಟಿ ಬಿಟ್ಟಿದ್ದರು. ಮುಂದಿನ ತಿಂಗಳು ಅನ್ನವನ್ನು ಹಿಸುಕಿ ಸಾರಿನಲ್ಲಿ ಕಲಸಿಕೊಟ್ಟರು, ಆಮೇಲೆ ಗಂಜಿಗೆ ಇಳಿದರು, ಕೊನೆಯ ಹತ್ತು ದಿನ ನೀರು ಮತ್ತು ಎಳನೀರು ಮಾತ್ರ ಇಳಿಯುತ್ತಿದ್ದವು. ಬೇರೊಂದು ಕಡೆ ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಡಿಸುತ್ತಿದ್ದರು. ಅಲ್ಲಿಂದ ತಂದ ದಪ್ಪನೆಯ ಕಡತದಲ್ಲಿ ಸ್ಕ್ಯಾನು, ರಕ್ತಪರೀಕ್ಷೆ, ಬಿಲ್ಲುಗಳೆಲ್ಲ ಇದ್ದವು, ತೂಕ ಮಾತ್ರ ಮೊದಲ ದಿನದ ಪುಟದಲ್ಲಿ ಒಂದೇ ಒಂದು ಸಲ ದಾಖಲಾಗಿತ್ತು: 64 ಕಿಲೋ. ನಮ್ಮಲ್ಲಿಗೆ ಬಂದ ದಿನ ಹಾಸಿಗೆಯ ತೂಕಯಂತ್ರ 51 ತೋರಿಸಿತು. ಅಂದರೆ ನಾಲ್ಕು ತಿಂಗಳಲ್ಲಿ ದೇಹದ ಐದನೆಯ ಒಂದು ಭಾಗ ಕರಗಿತ್ತು. ಆರು ತಿಂಗಳಲ್ಲಿ ಶೇಕಡಾ 5ಕ್ಕಿಂತ ಹೆಚ್ಚು ತೂಕ ತಾನಾಗಿ ಇಳಿದರೆ ಅದನ್ನು ಕ್ಯಾನ್ಸರಿನಿಂದ ದೇಹ ಸವೆಯುವ ಸ್ಥಿತಿ (ಕ್ಯಾಕೆಕ್ಸಿಯಾ) ಎಂದು ಪರಿಗಣಿಸಬೇಕು ಎಂದು ತಜ್ಞರ ಅಂತರರಾಷ್ಟ್ರೀಯ ಗುಂಪೊಂದು 2011ರಲ್ಲಿ ನಿರ್ಣಯಿಸಿದೆ; ಇವರದು ಶೇಕಡಾ 20.

ಹಸಿವಿಗೆ ಗಡ್ಡೆಯೊಂದೇ ಕಾರಣವಾಗಿರಲಿಲ್ಲ ಎಂಬುದು ಮಾತನಾಡುತ್ತಾ ತಿಳಿಯಿತು. ಸಕ್ಕರೆ ಕ್ಯಾನ್ಸರನ್ನು ಬೆಳೆಸುತ್ತದೆ, ಹಾಲೂ ಬೆಳೆಸುತ್ತದೆ ಎಂದು ಮೊಬೈಲಿಗೆ ಬಂದ ಸಂದೇಶವೊಂದನ್ನು ನಂಬಿ, ನುಂಗಲು ಸಾಧ್ಯವಿದ್ದ ದಿನಗಳಲ್ಲೂ ಮನೆಯವರು ಬೆಲ್ಲ, ಹಾಲು, ಬಾಳೆಹಣ್ಣು ಎಲ್ಲವನ್ನೂ ನಿಲ್ಲಿಸಿದ್ದರು. ಇದನ್ನು ಹೇಳುವಾಗ ಅವರ ಹೆಂಡತಿಯ ದನಿಯಲ್ಲಿ ತಾವು ವ್ರತವೊಂದನ್ನು ತಪ್ಪದೆ ನಡೆಸಿದ ನಿಷ್ಠೆಯಿತ್ತು, ಆ ನಿಷ್ಠೆಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ದೇಹದ ರೀತಿ ಬೇರೆ. ಅನೇಕ ಗಡ್ಡೆಗಳು ಸಕ್ಕರೆಯನ್ನು ಹೆಚ್ಚು ಹೀರಿಕೊಳ್ಳುತ್ತವೆ ಎಂಬುದು ನಿಜ, ಪೆಟ್ ಸ್ಕ್ಯಾನ್ ಗಡ್ಡೆಯನ್ನು ಗುರುತಿಸುವುದೇ ಆ ಗುಣದಿಂದ. ಆದರೆ ನಾವು ಸಕ್ಕರೆ ತಿನ್ನುವುದನ್ನು ಬಿಟ್ಟರೆ ರಕ್ತದಲ್ಲಿನ ಸಕ್ಕರೆ ಬತ್ತುವುದಿಲ್ಲ. ಸ್ನಾಯುಗಳ ಪ್ರೊಟೀನ್ ಒಡೆದು ಬಂದದ್ದರಿಂದ ಯಕೃತ್ತು ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತಲೇ ಇರುತ್ತದೆ, ಗಡ್ಡೆ ಅದನ್ನು ತಿನ್ನುತ್ತಲೇ ಇರುತ್ತದೆ, ಸವೆಯುವುದು ತೊಡೆ, ತೋಳು ಮತ್ತು ಉಸಿರಾಡಿಸುವ ಸ್ನಾಯು.

ಆ ಸ್ನಾಯು ಸವೆದ ಮೇಲೆ ಕೆಮ್ಮುವ ಬಲ ಕುಗ್ಗುತ್ತದೆ. ಅನ್ನನಾಳದಲ್ಲಿ ನಿಂತ ಎಳನೀರು, ಜೊಲ್ಲು ರಾತ್ರಿ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಿ, ರಕ್ತದ ಒತ್ತಡ ಕುಸಿದು, ಅವರು ವೆಂಟಿಲೇಟರಿನ ಮೇಲೆ ಬಂದರು.

ಮೊದಲ ದಿನ ನಾವು ಏನನ್ನೂ ಉಣಿಸಲಿಲ್ಲ. ಹೊರಗೆ ಕುಳಿತ ಕುಟುಂಬಕ್ಕೆ ಇದನ್ನು ಒಪ್ಪಿಸುವುದು ಕಷ್ಟ, ಏಕೆಂದರೆ ಐಸಿಯುವಿನ ಬಾಗಿಲು ತೆರೆದಾಗಲೆಲ್ಲ ಅವರು ಕೇಳುವುದು ಎರಡೇ ಮಾತು: ಕಣ್ಣು ಬಿಟ್ಟರೇ, ಏನಾದರೂ ಕೊಟ್ಟಿರಾ. ರಕ್ತದ ಒತ್ತಡವನ್ನು ಎತ್ತಿಹಿಡಿಯಲು ನಾರ್‌ಎಡ್ರಿನಲಿನ್ ಔಷಧಿ ಹೆಚ್ಚು ಪ್ರಮಾಣದಲ್ಲಿ ಹೋಗುತ್ತಿರುವಾಗ ದೇಹವು ಹೃದಯಕ್ಕೆ, ಮಿದುಳಿಗೆ ರಕ್ತ ಉಳಿಸಲು ಕರುಳಿನಿಂದ ರಕ್ತವನ್ನು ಹಿಂತೆಗೆದುಕೊಂಡಿರುತ್ತದೆ. ಅಂಥ ಕರುಳಿಗೆ ಆಹಾರ ಸುರಿದರೆ ಜೀರ್ಣಿಸುವ ಶ್ರಮಕ್ಕೆ ಬೇಕಾದ ರಕ್ತ ಅದಕ್ಕೆ ಸಿಗದೆ, ಅಪರೂಪಕ್ಕಾದರೂ ಕರುಳಿನ ಗೋಡೆಯೇ ಸಾಯಬಹುದು. ಫ್ರಾನ್ಸಿನಲ್ಲಿ ಇಂಥ ಆಘಾತ ಸ್ಥಿತಿಯ 2,410 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೇಗನೆ ಕರುಳಿನ ಮೂಲಕ ಪೂರ್ಣ ಪ್ರಮಾಣದಲ್ಲಿ ಉಣಿಸಿದವರಲ್ಲಿ ಕರುಳಿಗೆ ರಕ್ತ ಸಾಲದೆ ಹೋದ ಪ್ರಕರಣಗಳು ರಕ್ತನಾಳದ ಮೂಲಕ ಪೋಷಣೆ ಪಡೆದವರಿಗಿಂತ ಹೆಚ್ಚಿದ್ದವು. ಒತ್ತಡ ಸ್ಥಿರವಾಗಿ ಔಷಧಿಯ ಪ್ರಮಾಣ ಇಳಿಯುವವರೆಗೆ ಕಾಯುವುದು, ಇಳಿದೊಡನೆ ಸಾಧ್ಯವಾದರೆ 48 ಗಂಟೆಗಳೊಳಗೆ ಸ್ವಲ್ಪವೇ ಆರಂಭಿಸುವುದು ನಮ್ಮ ಕ್ರಮ.

"ಗ್ಲೂಕೋಸ್ ಏರಿಸಿದ್ದೀರಲ್ಲ, ಅದೇ ಊಟ ಆಯ್ತಲ್ಲ" ಎಂದು ಅವರ ತಮ್ಮ ಸಮಾಧಾನ ಮಾಡಿಕೊಳ್ಳಲು ನೋಡಿದರು. ನಮ್ಮ ಊರುಗಳಲ್ಲಿ ಗ್ಲೂಕೋಸ್ ಬಾಟಲಿಯ ಮೇಲೆ ಇರುವ ನಂಬಿಕೆ ದೊಡ್ಡದು. ಶೇಕಡಾ 5ರ ಡೆಕ್ಸ್‌ಟ್ರೋಸ್ ಇರುವ ಅರ್ಧ ಲೀಟರಿನ ಬಾಟಲಿಯಲ್ಲಿ 25 ಗ್ರಾಂ ಸಕ್ಕರೆಯಿದ್ದು, ಅದರಿಂದ ದೊರೆಯುವುದು ಸುಮಾರು 85 ಕ್ಯಾಲೊರಿ. ಪ್ರೊಟೀನ್ ಒಂದು ಗ್ರಾಂ ಕೂಡ ಇಲ್ಲ. ಅದು ನೀರಿಗಾಗಿ, ಔಷಧಿಗಾಗಿ ಹಾಕುವ ಬಾಟಲಿ. ಅದನ್ನು ಊಟವೆಂದು ನಂಬಿ ಹಳ್ಳಿಯ ದವಾಖಾನೆಗಳಲ್ಲಿ ದಿನಗಟ್ಟಲೆ ಕಳೆದು ನಮ್ಮಲ್ಲಿಗೆ ಬರುವವರನ್ನು ಕಂಡಾಗ ನನಗೆ ಬಹಳ ನೋವಾಗುತ್ತದೆ.

ಎರಡನೆಯ ದಿನ ಔಷಧಿಯ ಪ್ರಮಾಣ ಇಳಿಯಿತು. ಮೂಗಿನಿಂದ ಹೊಟ್ಟೆಗೆ ಸಾಮಾನ್ಯವಾಗಿ ದಾದಿಯರು ಇಳಿಸುವ ರೈಲ್ಸ್ ಟ್ಯೂಬನ್ನು ಅನ್ನನಾಳ ಮುಚ್ಚಿದವರಲ್ಲಿ ಕುರುಡಾಗಿ ತಳ್ಳುವಂತಿಲ್ಲ, ಗಡ್ಡೆ ಹರಿದು ತೂತಾಗಬಹುದು. ಹಾಗಾಗಿ ವೈದ್ಯರು ಎಂಡೋಸ್ಕೋಪ್ ಯಂತ್ರವನ್ನೇ ಹಾಸಿಗೆಯ ಬಳಿಗೆ ತಂದು, ಕಣ್ಣಿಂದ ನೋಡುತ್ತಾ ಸಣ್ಣ ನಳಿಗೆಯೊಂದನ್ನು ಗಡ್ಡೆಯ ಪಕ್ಕದಿಂದ ದಾಟಿಸಿದರು. ಎಕ್ಸ್‌ರೇಯಲ್ಲಿ ಅದರ ತುದಿ ಎಲ್ಲಿದೆ ಎಂದು ಖಚಿತಪಡಿಸಿಕೊಂಡು, ತಲೆಯ ಕಡೆಯ ಹಾಸಿಗೆಯನ್ನು 30 ಡಿಗ್ರಿಗಿಂತ ಮೇಲೆತ್ತಿ, ಮೊದಲು ಥಯಾಮಿನ್ (ಬಿ1 ಜೀವಸತ್ವ) ಕೊಟ್ಟು, ಸಂಜೆ ಏಳು ಗಂಟೆಗೆ ದ್ರವಾಹಾರ ಹನಿಸುವ ಪಂಪು ಆರಂಭಿಸಿದೆವು. ಗಂಟೆಗೆ 20 ಮಿಲಿಲೀಟರು.

20 ಮಿಲಿಲೀಟರೆಂದರೆ ನಾಲ್ಕು ಚಹಾಚಮಚ. ಒಂದು ಮಿಲಿಲೀಟರಿಗೆ ಒಂದು ಕ್ಯಾಲೊರಿಯ ದ್ರವಾಹಾರ ಅದು, ಹಾಗಾಗಿ ದಿನಕ್ಕೆ 480 ಕ್ಯಾಲೊರಿ. 51 ಕಿಲೋ ತೂಕದ ಮನುಷ್ಯನಿಗೆ ಮುಂದೆ ನಾವು ಕೊಡಬೇಕೆಂದುಕೊಂಡಿದ್ದು ಕಿಲೋಗೆ 25ರಂತೆ ಸುಮಾರು 1,275. ಮರುದಿನ ಭೇಟಿಯ ವೇಳೆಯಲ್ಲಿ ಒಳಗೆ ಬಂದ ಹೆಂಡತಿ ಪಂಪಿನ ಮೇಲಿನ ಅಂಕಿಯನ್ನು ನೋಡಿ, ಅದರ ಅರ್ಥವನ್ನು ದಾದಿಯಿಂದ ಕೇಳಿ ತಿಳಿದು, ನನ್ನ ಬಳಿ ಬಂದು, "ನಾಲ್ಕು ತಿಂಗಳು ಉಪವಾಸ ಇದ್ದ ಮನಷ್ಯಾಗ ತಾಸಿಗೆ ನಾಕ ಚಮಚಾ ಸಾಕೇನ್ರಿ" ಎಂದು ಕೇಳಿದರು. ಸಿಟ್ಟಿರಲಿಲ್ಲ ಅವರ ಮಾತಿನಲ್ಲಿ, ಬೇಡಿಕೆಯಿತ್ತು. ಇಷ್ಟು ವರ್ಷಗಳಲ್ಲಿ ಎಷ್ಟೋ ಜನ ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿದ್ದಾರೆ, ನಾನು ಈ ಬರಹವನ್ನು ಬರೆಯುತ್ತಿರುವುದೂ ಆ ಪ್ರಶ್ನೆಗಾಗಿಯೇ. ಅವರು ಉಪವಾಸವಿದ್ದರು ಎಂಬ ಕಾರಣಕ್ಕಾಗಿಯೇ ನಾಲ್ಕು ಚಮಚ.

ಬಹುಕಾಲ ಹಸಿದ ದೇಹ ತನ್ನ ಒಲೆಯನ್ನು ಬದಲಿಸಿಕೊಂಡಿರುತ್ತದೆ. ಸಕ್ಕರೆಯ ಬದಲು ಕೊಬ್ಬನ್ನು ಉರಿಸಿ ಬದುಕುತ್ತದೆ, ಇನ್ಸುಲಿನ್ ಕಡಿಮೆಯಾಗಿರುತ್ತದೆ. ಜೀವಕೋಶಗಳೊಳಗಿನ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂಗಳ ಸಂಗ್ರಹ ಬಹುತೇಕ ಖಾಲಿಯಾಗಿದ್ದರೂ ರಕ್ತಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿರುವಂತೆ ಕಾಣಿಸಬಹುದು. ಅಂಥ ದೇಹಕ್ಕೆ ಒಮ್ಮೆಲೇ ಪಿಷ್ಟ, ಸಕ್ಕರೆ ದೊರೆತರೆ ಇನ್ಸುಲಿನ್ ಥಟ್ಟನೆ ಏರಿ, ರಕ್ತದಲ್ಲಿ ಉಳಿದಿದ್ದ ಆ ಲವಣಗಳನ್ನು ಜೀವಕೋಶಗಳೊಳಗೆ ಸೆಳೆದುಕೊಳ್ಳುತ್ತದೆ. ರಕ್ತದಲ್ಲಿ ಫಾಸ್ಫೇಟ್ ಕುಸಿದರೆ ಉಸಿರಿನ ಸ್ನಾಯು ಸೋಲುತ್ತದೆ, ಹೃದಯದ ಲಯ ತಪ್ಪುತ್ತದೆ. ಸಕ್ಕರೆಯನ್ನು ಉರಿಸಲು ಬೇಕಾದ ಥಯಾಮಿನ್ ಇಲ್ಲದಿದ್ದರೆ ಮಿದುಳಿಗೆ ಪೆಟ್ಟು ಬೀಳುತ್ತದೆ. ಇದನ್ನು ರೀಫೀಡಿಂಗ್ ಸಿಂಡ್ರೋಮ್ ಎನ್ನುತ್ತಾರೆ. ಕನ್ನಡದಲ್ಲಿ ಮರುಉಣಿಕೆಯ ಆಘಾತ ಎಂದು ನಾನು ಮನೆಯವರಿಗೆ ಹೇಳುತ್ತೇನೆ, ಹೆಚ್ಚು ಸೂಕ್ತವಾದ ಪದ ಯಾರಿಗಾದರೂ ಹೊಳೆದರೆ ತಿಳಿಸಬೇಕು.

ಮನುಷ್ಯರು ಇದನ್ನು ದೊಡ್ಡ ಬೆಲೆ ತೆತ್ತು ಕಲಿತಿದ್ದಾರೆ. 1945ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಸೈನ್ಯ ಜರ್ಮನಿಯ ಬೆರ್ಗೆನ್-ಬೆಲ್ಸೆನ್ ಶಿಬಿರವನ್ನು ಬಿಡುಗಡೆ ಮಾಡಿದಾಗ, ಎಲುಬಿನ ಗೂಡಾಗಿದ್ದ ಬಂದಿಗಳಿಗೆ ಸೈನಿಕರು ಕರುಣೆಯಿಂದ ತಮ್ಮ ಡಬ್ಬಿಯ ಊಟವನ್ನೇ ಕೊಟ್ಟರು. ಆ ಜಿಡ್ಡಿನ ಊಟವನ್ನು ದೇಹ ತಾಳಲಾರದೆ ಅನೇಕರು ಸತ್ತರು. ಆಮೇಲೆ ಅಲ್ಲಿಗೆ ತಂದ ದ್ರವಾಹಾರದ ಹೆಸರು 'ಬಂಗಾಳ ಕ್ಷಾಮ ಮಿಶ್ರಣ'. 1943ರ ಬಂಗಾಳದ ಬರಗಾಲದಲ್ಲಿ ನಮ್ಮ ಜನರಿಗೆ ಉಣಿಸಿದ ಆ ಸಿಹಿ ಮಿಶ್ರಣ ಯುರೋಪಿನವರ ರುಚಿಗೆ ಒಗ್ಗಲಿಲ್ಲ, ಪಾಪ್ರಿಕಾ ಎಂಬ ಖಾರ ಕಡಿಮೆಯ ಮೆಣಸಿನ ಪುಡಿ ಸೇರಿಸಿದ ಮೇಲೆ ಸ್ವಲ್ಪ ಸೇರಿತು. ಹಸಿದವರಿಗೆ ಉಣಿಸುವ ವಿದ್ಯೆಯ ಇತಿಹಾಸದಲ್ಲಿ ನಮ್ಮ ದೇಶದ ಸಾವುಗಳೂ ಸೇರಿವೆ ಎಂಬುದನ್ನು ನನ್ನ ವಿದ್ಯಾರ್ಥಿನಿಯರಿಗೆ ನಾನು ತಪ್ಪದೆ ಹೇಳುತ್ತೇನೆ.

ಇಂದು ಲೆಕ್ಕ ಸ್ಪಷ್ಟವಾಗಿದೆ. ಮೂರರಿಂದ ಆರು ತಿಂಗಳಲ್ಲಿ ಶೇಕಡಾ 15ಕ್ಕಿಂತ ಹೆಚ್ಚು ತೂಕ ಇಳಿದವರು, ಅಥವಾ ಹತ್ತು ದಿನಗಳಿಗಿಂತ ಹೆಚ್ಚು ಕಾಲ ಬಹುತೇಕ ಏನೂ ತಿನ್ನದೆ ಇದ್ದವರು ಹೆಚ್ಚಿನ ಅಪಾಯದವರು. ಅವರಿಗೆ ಕಿಲೋಗೆ ದಿನಕ್ಕೆ 10 ಕ್ಯಾಲೊರಿಗಿಂತ ಹೆಚ್ಚಾಗದಂತೆ ಆರಂಭಿಸಬೇಕು ಎಂದು ಬ್ರಿಟನ್ನಿನ ನೈಸ್ ಸಂಸ್ಥೆಯ 2006ರ ಮಾರ್ಗಸೂಚಿ ಹೇಳಿತು. ನಮ್ಮ ರೈತರು ಎರಡೂ ಅಳತೆಗಳಲ್ಲಿ ಬರುತ್ತಿದ್ದರು. 51 ಕಿಲೋಗೆ 510 ಕ್ಯಾಲೊರಿ, ಅದೇ ಆ ನಾಲ್ಕು ಚಮಚದ ಮೂಲ.

ಅಷ್ಟು ಎಚ್ಚರ ವಹಿಸಿಯೂ ಅವರ ಫಾಸ್ಫೇಟ್ ಕುಸಿಯಿತು. ಪಂಪು ಆರಂಭಿಸುವ ಮುನ್ನ 3.0 ಇದ್ದದ್ದು ಇಪ್ಪತ್ತನಾಲ್ಕು ಗಂಟೆಗಳಲ್ಲಿ 1.6ಕ್ಕೆ ಇಳಿದಿತ್ತು. ರಕ್ತನಾಳದ ಮೂಲಕ ಫಾಸ್ಫೇಟ್ ಕೊಡಲಾಯಿತು, ದಿನಕ್ಕೆ ಮೂರು ಸಲ ಪರೀಕ್ಷೆ ನಡೆಯಿತು, ಪಂಪು ಮಾತ್ರ ಇನ್ನೆರಡು ದಿನ 20ರಲ್ಲೇ ನಿಂತಿತು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಐಸಿಯುಗಳಲ್ಲಿ, ಹೀಗೆ ಉಣಿಸಲು ಆರಂಭಿಸಿದ ಮೇಲೆ ಫಾಸ್ಫೇಟ್ ಕುಸಿದ 339 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಎಂದಿನಂತೆ, ಇನ್ನೊಂದಕ್ಕೆ ಕನಿಷ್ಠ ಎರಡು ದಿನ ಗಂಟೆಗೆ 20 ಕ್ಯಾಲೊರಿಯಂತೆ ಕೊಟ್ಟು ನೋಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅವರು ಮುಖ್ಯವೆಂದು ಮೊದಲೇ ಆರಿಸಿಕೊಂಡಿದ್ದ ಅಳತೆಯಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲವಾದರೂ, 60 ದಿನಗಳ ನಂತರ ಬದುಕಿದ್ದವರ ಪ್ರಮಾಣ ನಿಧಾನವಾಗಿ ಉಣಿಸಿದ ಗುಂಪಿನಲ್ಲಿ ಹೆಚ್ಚಿತ್ತು.

ಇದನ್ನು ನಾನು ಇಷ್ಟು ಒತ್ತಿ ಬರೆಯಲು ನನ್ನದೇ ಒಂದು ತಪ್ಪು ಕಾರಣ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಹೊಟ್ಟೆಯ ಕ್ಯಾನ್ಸರಿನಿಂದ ಕಡ್ಡಿಯಾಗಿದ್ದ ಹೆಂಗಸೊಬ್ಬರ ತಾಯಿ ದಿನವೂ ಬಾಗಿಲಲ್ಲಿ ನಿಂತು ನನ್ನ ಕೈ ಹಿಡಿದುಕೊಳ್ಳುತ್ತಿದ್ದರು. ಕನಿಕರದಿಂದ ನಾನು ಒಂದೇ ದಿನದಲ್ಲಿ ಆಹಾರದ ಪ್ರಮಾಣವನ್ನು ಮೂರು ಪಟ್ಟು ಏರಿಸುವಂತೆ ಬರೆದೆ, ಫಾಸ್ಫೇಟ್ ಪರೀಕ್ಷೆಗೆ ಬರೆಯಲಿಲ್ಲ. ಮೂರನೆಯ ರಾತ್ರಿ ಅವರ ಹೃದಯದ ಲಯ ತಪ್ಪಿತು. ವೈದ್ಯರು ಕಾರಣವನ್ನು ಕೂಡಲೇ ಗುರುತಿಸಿದ್ದರಿಂದ ಅವರು ಉಳಿದರು. ಆ ತಾಯಿಗೆ ನಾನು ನಿಜವನ್ನು ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ನಾನೇ ಅವಸರ ಮಾಡಿದೆ" ಎಂದು ಅದನ್ನೂ ತಮ್ಮ ಮೇಲೆ ಹಾಕಿಕೊಂಡರು. ಅವರು ಕೇಳಿದ್ದು ತಪ್ಪಲ್ಲ. ತಿಳಿದಿರಬೇಕಾಗಿದ್ದವಳು ನಾನು.

ರಕ್ತದ ಕ್ಯಾನ್ಸರ್ ಇರುವವರಲ್ಲಿ ಈ ಲೆಕ್ಕ ಇನ್ನೂ ಸೂಕ್ಷ್ಮ. ಕಿಮೊ ಕೊಟ್ಟೊಡನೆ ಕೋಟ್ಯಂತರ ಕ್ಯಾನ್ಸರ್ ಕೋಶಗಳು ಒಮ್ಮೆಲೇ ಒಡೆದರೆ ಅವುಗಳೊಳಗಿನ ಪೊಟ್ಯಾಸಿಯಂ, ಫಾಸ್ಫೇಟ್ ರಕ್ತಕ್ಕೆ ಸುರಿದು ಅಪಾಯದ ಮಟ್ಟಕ್ಕೆ ಏರುತ್ತವೆ. ಅದೇ ಮನುಷ್ಯ ವಾರಗಟ್ಟಲೆ ಹಸಿದಿದ್ದರೆ, ಉಣಿಸತೊಡಗಿದ ಮೇಲೆ ಮೂರು ದಿನಗಳ ಆಚೆ ಅದೇ ಲವಣಗಳು ಪಾತಾಳಕ್ಕೆ ಇಳಿಯಬಹುದು. ಸೋಮವಾರ ಫಾಸ್ಫೇಟ್ ತಗ್ಗಿಸಲು ಔಷಧಿ ಕೊಟ್ಟವರಿಗೆ ಗುರುವಾರ ಫಾಸ್ಫೇಟನ್ನೇ ಏರಿಸಬೇಕಾಗಿ ಬಂದ ಪ್ರಸಂಗಗಳಿವೆ. ಬಿಳಿರಕ್ತಕಣಗಳು ಇಲ್ಲವಾಗಿ ಬಾಯಿಯಿಂದ ಕರುಳಿನವರೆಗೆ ಹುಣ್ಣೆದ್ದಿರುವಾಗ, ಪ್ಲೇಟ್‌ಲೆಟ್ ಕುಸಿದು ಮೂಗಿನಲ್ಲಿ ನಳಿಗೆ ಹಾಕಿದರೆ ರಕ್ತ ನಿಲ್ಲದಿರುವಾಗ, ಹಾಲಿನಂತೆ ಕಾಣುವ ಪೋಷಕ ದ್ರವದ ಚೀಲವನ್ನು ದೊಡ್ಡ ರಕ್ತನಾಳಕ್ಕೇ ಜೋಡಿಸುತ್ತೇವೆ. ಅದು ಜೀವ ಉಳಿಸುವ ಚೀಲ, ಆದರೆ ಸೋಂಕಿಗೂ ಅದೇ ದಾರಿ, ಆದ್ದರಿಂದ ಕರುಳು ಸ್ವಲ್ಪ ಕೆಲಸ ಮಾಡಬಲ್ಲದಾದರೂ ನನ್ನ ಮನಸ್ಸು ಕರುಳಿನ ಕಡೆಗೇ ವಾಲುತ್ತದೆ.

ಹಾಗಾದರೆ ಅಪಾಯ ಕಳೆದೊಡನೆ ಧಾರಾಳವಾಗಿ ಕೊಟ್ಟು ಕಳೆದುಕೊಂಡದ್ದನ್ನು ತುಂಬಿಸಬಾರದೇ ಎಂಬ ಪ್ರಶ್ನೆ ಸಹಜ. ನಾನು ಓದುತ್ತಿದ್ದ ಕಾಲದಲ್ಲಿ ನಮಗೆ ಕಲಿಸಿದ್ದೂ ಹೆಚ್ಚುಕಡಿಮೆ ಅದನ್ನೇ. ತೀವ್ರ ಕಾಯಿಲೆಯಲ್ಲಿ ಸ್ನಾಯು ಕರಗುವ ವೇಗ ಭಯಹುಟ್ಟಿಸುವಂಥದ್ದು: ಲಂಡನ್ನಿನ ಸಂಶೋಧಕರು 63 ರೋಗಿಗಳ ತೊಡೆಯ ಸ್ನಾಯುವನ್ನು ಅಲ್ಟ್ರಾಸೌಂಡಿನಿಂದ ಅಳೆದು, ಹತ್ತು ದಿನಗಳಲ್ಲಿ ಅದರ ಅಡ್ಡಕೊಯ್ತದ ವಿಸ್ತೀರ್ಣ ಶೇಕಡಾ 17.7ರಷ್ಟು ಕುಗ್ಗುತ್ತದೆ ಎಂದು 2013ರಲ್ಲಿ ತೋರಿಸಿದರು. ಆದರೆ ಆ ದಿನಗಳಲ್ಲಿ ದೇಹ ತಾನೇ ತನ್ನನ್ನು ಒಡೆದು ಶಕ್ತಿ ಬಿಡುಗಡೆ ಮಾಡುತ್ತಿರುತ್ತದೆ, ಹೊರಗಿನಿಂದ ಎಷ್ಟು ಸುರಿದರೂ ಆ ಒಡೆಯುವಿಕೆ ನಿಲ್ಲುವುದಿಲ್ಲ. ಎರಡೂ ಸೇರಿ ಹೊರೆಯಾಗುತ್ತದೆ. 2011ರಲ್ಲಿ ಬೆಲ್ಜಿಯಂನಿಂದ ಬಂದ 4,640 ರೋಗಿಗಳ ಅಧ್ಯಯನದಲ್ಲಿ, ಕರುಳಿನ ಮೂಲಕ ಸಾಲದೆ ಬಂದದ್ದನ್ನು ಮೊದಲ ಎರಡು ದಿನಗಳೊಳಗೇ ರಕ್ತನಾಳದಿಂದ ತುಂಬಿಸಿದವರಿಗಿಂತ, ಎಂಟನೆಯ ದಿನದವರೆಗೆ ತಡೆದವರಲ್ಲಿ ಸೋಂಕು ಕಡಿಮೆಯಿತ್ತು, ಅವರು ಐಸಿಯುವಿನಿಂದ ಬೇಗ ಹೊರಬಂದರು. 1,301 ರೋಗಿಗಳಿಗೆ ಹೆಚ್ಚು ಮತ್ತು ಸಾಧಾರಣ ಪ್ರಮಾಣಗಳಲ್ಲಿ ಪ್ರೊಟೀನ್ ಕೊಟ್ಟು ಹೋಲಿಸಿದ 2023ರ ಅಧ್ಯಯನದಲ್ಲಿ ಹೆಚ್ಚು ಕೊಟ್ಟದ್ದರಿಂದ ಲಾಭ ಕಾಣಲಿಲ್ಲ, ಮೂತ್ರಪಿಂಡಕ್ಕೆ ಪೆಟ್ಟಾದವರಲ್ಲಿ ಹಾನಿಯ ಸೂಚನೆಯೇ ಇತ್ತು. ಈ ಅಧ್ಯಯನಗಳಲ್ಲಿದ್ದವರಲ್ಲಿ ಹೆಚ್ಚಿನವರು ನಮ್ಮ ರೈತರಷ್ಟು ಬಡಕಲಾಗಿ ಬಂದವರಲ್ಲ, ಆದ್ದರಿಂದ ಆ ಫಲಿತಾಂಶಗಳನ್ನು ಕ್ಯಾನ್ಸರ್ ರೋಗಿಗಳಿಗೆ ಕಣ್ಣುಮುಚ್ಚಿ ಅನ್ವಯಿಸಬಾರದು ಎಂಬುದು ನನ್ನ ಅಭಿಪ್ರಾಯ. ಬರೀ ತಡೆಯುತ್ತಲೇ ದಿನಗಳು ಕಳೆದುಹೋಗಬಾರದು. ಮೊದಲ ಮೂರ್ನಾಲ್ಕು ದಿನ ಕಡಿಮೆ, ಆಮೇಲೆ ಪ್ರತಿದಿನ ಒಂದೊಂದು ಮೆಟ್ಟಿಲು, ಮೊದಲ ವಾರದ ಕೊನೆಗೆ ಅಥವಾ ಅದಕ್ಕೆ ಸ್ವಲ್ಪ ಆಚೆಗೆ ಪೂರ್ಣ ಪ್ರಮಾಣ. ಪ್ರೊಟೀನ್ ಕಿಲೋಗೆ 1.3 ಗ್ರಾಂ. ನಮ್ಮ ರೈತರ ಪಂಪು ಐದನೆಯ ದಿನ 30ಕ್ಕೆ ಏರಿತು, ಒಂಬತ್ತನೆಯ ದಿನ 55 ತಲುಪಿತು.

ಆ ಹೊತ್ತಿಗೆ ಹೆಂಡತಿ ಸ್ಟೀಲಿನ ಡಬ್ಬಿಯಲ್ಲಿ ರಾಗಿ ಗಂಜಿ ತರತೊಡಗಿದ್ದರು. ಆಸ್ಪತ್ರೆಯ ಹತ್ತಿರದ ಬಾಡಿಗೆ ಕೋಣೆಯಲ್ಲಿ ಬೆಳಗಿನ ಜಾವ ಎದ್ದು ಕಾಯಿಸಿ, ಶೋಧಿಸಿ, ಬಿಸಿ ಆರದಂತೆ ಟವೆಲಿನಲ್ಲಿ ಸುತ್ತಿ ತರುತ್ತಿದ್ದ ಆ ಗಂಜಿಯನ್ನು ಬೇಡವೆಂದು ಹೇಳುವುದು ನನ್ನ ಕೆಲಸದಲ್ಲಿ ಅತ್ಯಂತ ಭಾರವಾದ ಮಾತು. ಒಂದು ಲೋಟ ಗಂಜಿಗೆ 25 ಗ್ರಾಂ ರಾಗಿಹಿಟ್ಟು ಹಾಕಿದರೆ ಸುಮಾರು 80 ಕ್ಯಾಲೊರಿ ಮತ್ತು ಎರಡು ಗ್ರಾಮಿಗಿಂತಲೂ ಕಡಿಮೆ ಪ್ರೊಟೀನ್ ಸಿಗುತ್ತದೆ. ಅವರಿಗೆ ಬೇಕಾಗಿದ್ದುದು ದಿನಕ್ಕೆ 66 ಗ್ರಾಂ. ಜೊತೆಗೆ ಆರಿದ ಗಂಜಿ ದಪ್ಪವಾಗಿ ಸಣ್ಣ ನಳಿಗೆಯಲ್ಲಿ ಗಟ್ಟಿಯಾಗುತ್ತದೆ, ಎಂಡೋಸ್ಕೋಪಿಯಿಂದ ಕಷ್ಟಪಟ್ಟು ದಾಟಿಸಿದ ನಳಿಗೆ ಕಟ್ಟಿಕೊಂಡರೆ ಮತ್ತೆ ಹಾಕುವುದು ಸುಲಭವಲ್ಲ. ಗಂಜಿಯನ್ನು ನಾನು ಕೀಳಾಗಿ ಕಾಣುವುದಿಲ್ಲ. ಡಬ್ಬಿಯ ಪುಡಿ ಕೊಳ್ಳಲಾರದ ಕುಟುಂಬಗಳಿಗೆ, ನಳಿಗೆ ದಪ್ಪವಿದ್ದು ರೋಗಿ ಸ್ಥಿರವಾಗಿದ್ದಾಗ, ಮೊಳಕೆಕಟ್ಟಿದ ರಾಗಿಹಿಟ್ಟು, ಹಾಲಿನ ಪುಡಿ, ಬೇಯಿಸಿದ ಮೊಟ್ಟೆ, ಎಣ್ಣೆ ಸೇರಿಸಿ ಅಡುಗೆಮನೆಯಲ್ಲೇ ಲೆಕ್ಕದ ಆಹಾರವನ್ನು ತಯಾರಿಸುವ ವಿಧಾನವನ್ನು ನಾನೇ ಕಲಿಸುತ್ತೇನೆ. ಆ ದಿನ ಆ ಗಂಜಿಯನ್ನು ಮಗ ಕುಡಿಯಲಿ ಎಂದೆ. ಎರಡು ವಾರಗಳಿಂದ ಚಹಾ ಮತ್ತು ಬನ್ನಿನ ಮೇಲೆ ಇದ್ದ ಅವನಿಗೂ ಅದು ಬೇಕಾಗಿತ್ತು.

ಏರಿಸಿದ್ದನ್ನು ಉಳಿಸಿಕೊಳ್ಳುವುದು ಇನ್ನೊಂದು ಹೋರಾಟ. ಹನ್ನೊಂದನೆಯ ದಿನ ಕುತ್ತಿಗೆಯಲ್ಲಿ ಉಸಿರಿನ ದಾರಿ ಮಾಡುವ ಶಸ್ತ್ರಚಿಕಿತ್ಸೆಗೆಂದು ನಡುರಾತ್ರಿ ಪಂಪು ನಿಲ್ಲಿಸಿದರು, ಬೆಳಿಗ್ಗೆ ಆಗಬೇಕಾದದ್ದು ತುರ್ತು ಪ್ರಕರಣಗಳ ಕಾರಣ ಸಂಜೆಗೆ ಹೋಯಿತು, ಮತ್ತೆ ಪಂಪು ಆರಂಭವಾದಾಗ ಹದಿನೆಂಟು ಗಂಟೆ ಕಳೆದಿತ್ತು. 990 ಕ್ಯಾಲೊರಿ, ದಿನದ ಊಟದ ಮುಕ್ಕಾಲು ಭಾಗ, ಯಾರ ಗಮನಕ್ಕೂ ಬಾರದೆ ಹೋಯಿತು. ಯಾರೂ ಉದಾಸೀನ ಮಾಡಿರಲಿಲ್ಲ. ಔಷಧಿಯ ಒಂದು ಡೋಸು ತಪ್ಪಿದರೆ ಹಾಳೆಯಲ್ಲಿ ಕೆಂಪು ಗುರುತು ಬೀಳುವಂತೆ ಆಹಾರ ತಪ್ಪಿದಾಗ ಬೀಳುವುದಿಲ್ಲ, ಅಷ್ಟೆ. ಆಮೇಲೆ ನಾವು ಗಂಟೆಯ ಲೆಕ್ಕವನ್ನು ಬಿಟ್ಟು ದಿನದ ಲೆಕ್ಕವನ್ನು ಬರೆಯತೊಡಗಿದೆವು: ಇಂದು ಇಷ್ಟು ಹೋಗಬೇಕು, ನಡುವೆ ನಿಂತರೆ ಉಳಿದ ಗಂಟೆಗಳಲ್ಲಿ ಮಿತಿಯೊಳಗೆ ವೇಗ ಹೆಚ್ಚಿಸಿ ತುಂಬಿಸಬೇಕು. ನಿದ್ರೆಗೆ ಕೊಡುವ ಪ್ರೊಪೊಫಾಲ್ ಔಷಧಿಯೂ ಕೊಬ್ಬಿನಲ್ಲಿ ಕರಗಿ ಬರುತ್ತದೆ, ಮಿಲಿಲೀಟರಿಗೆ 1.1 ಕ್ಯಾಲೊರಿ; ಅದು ಹೋಗುತ್ತಿರುವವರಲ್ಲಿ ಅದನ್ನೂ ಊಟದ ಲೆಕ್ಕಕ್ಕೆ ಹಿಡಿಯುತ್ತೇವೆ.

ಎಲ್ಲರ ಪಂಪನ್ನೂ ಹೀಗೆ ಏರಿಸುತ್ತಾ ಹೋಗುವುದಿಲ್ಲ ಎಂಬುದನ್ನೂ ಹೇಳಬೇಕು. ಕ್ಯಾನ್ಸರ್ ಹಿಂದಿರುಗದ ಹಂತಕ್ಕೆ ಹೋಗಿ, ಇನ್ನು ಯಂತ್ರಗಳು ನರಳಿಕೆಯನ್ನು ಮಾತ್ರ ಉದ್ದಮಾಡುತ್ತವೆ ಎಂದು ವೈದ್ಯರು ಮತ್ತು ಕುಟುಂಬ ಕೂಡಿ ಅರಿತ ಮೇಲೆ, ಪಂಪಿನ ಆಹಾರ ಬಲ ಕೊಡುವುದಿಲ್ಲ. ವಾಂತಿ, ಹೊಟ್ಟೆಯುಬ್ಬರ, ಎದೆಯಲ್ಲಿ ನೀರು ಹೆಚ್ಚಿಸುತ್ತದೆ. ಆ ಹಂತದಲ್ಲಿ ದೇಹಕ್ಕೆ ಹಸಿವು ಬಹುಮಟ್ಟಿಗೆ ಇರುವುದಿಲ್ಲ. ಹಸಿದೇ ಕಳಿಸಿದೆವು ಎಂಬ ಕೊರಗು ಯಾರಿಗೂ ಉಳಿಯಬಾರದೆಂದು ನಾನು ಅವರ ಜೊತೆ ಕುಳಿತು ಇದನ್ನು ಬಿಡಿಸಿ ಹೇಳುತ್ತೇನೆ. ತುಟಿಗೆ ನೀರು ಸವರುವುದನ್ನು, ತುಳಸಿಯ ಹನಿಯನ್ನು ಯಾವ ವೈದ್ಯರೂ ತಡೆಯುವುದಿಲ್ಲ.

ನಮ್ಮ ರೈತರು ಇಪ್ಪತ್ತಮೂರನೆಯ ದಿನ ವಾರ್ಡಿಗೆ ಬಂದರು. ಮೂಗಿನ ನಳಿಗೆಯನ್ನು ತೆಗೆದು, ಹೊಟ್ಟೆಯ ಗೋಡೆಯ ಮೂಲಕ ಸಣ್ಣಕರುಳಿಗೇ ನಳಿಗೆಯೊಂದನ್ನು ಇಡಲಾಗಿತ್ತು. ಸೊಸೆಗೆ ಅದನ್ನು ನೋಡಿಕೊಳ್ಳುವ ಕ್ರಮವನ್ನು ನಾಲ್ಕು ದಿನ ಕಲಿಸಿದೆವು: ಪ್ರತಿಸಲ ಆಹಾರಕ್ಕೆ ಮುಂಚೆ ಮತ್ತು ನಂತರ 30 ಮಿಲಿಲೀಟರು ಕಾಯಿಸಿ ಆರಿಸಿದ ಉಗುರುಬೆಚ್ಚನೆಯ ನೀರು, ಮಾತ್ರೆಗಳನ್ನು ನುಣ್ಣಗೆ ಅರೆದು ಒಂದೊಂದಾಗಿ, ಒಮ್ಮೆಲೇ ಸಿರಿಂಜಿನಿಂದ ತಳ್ಳದೆ ಚೀಲವನ್ನು ಗೂಟಕ್ಕೆ ತೂಗುಹಾಕಿ ನಿಧಾನವಾಗಿ, ಏಕೆಂದರೆ ಸಣ್ಣಕರುಳಿಗೆ ಹೊಟ್ಟೆಯ ಹಾಗೆ ಹಿಗ್ಗಿ ಹಿಡಿದಿಡುವ ಚೀಲವಿಲ್ಲ. ಏಳನೆಯ ತರಗತಿವರೆಗೆ ಓದಿದ ಆ ಹುಡುಗಿ ಮಗುವಿನ ಹಳೆಯ ಪಾಟಿಯ ಮೇಲೆ ಗಂಟೆಗಳನ್ನು ಬರೆದುಕೊಂಡು, ನಮ್ಮ ದಾದಿಯರಿಗಿಂತ ಅಚ್ಚುಕಟ್ಟಾಗಿ ಲೆಕ್ಕವಿಟ್ಟಳು. ಮನೆಗೆ ಹೊರಟಾಗ ಅವರ ತೂಕ 49. ಕ್ಯಾನ್ಸರಿನ ಚಿಕಿತ್ಸೆ ಮತ್ತೆ ಆರಂಭಿಸಲು ಇನ್ನೂ ಕಾಯಬೇಕಾಗಿತ್ತು.

ನುಂಗುವುದು ಕಷ್ಟವಾದ ಮೊದಲ ತಿಂಗಳಲ್ಲೇ ಆ ನಳಿಗೆಯನ್ನು ಇಟ್ಟಿದ್ದರೆ ಎಂಬ ಯೋಚನೆ ನನ್ನನ್ನು ಬಿಡುವುದಿಲ್ಲ. ಅಪೌಷ್ಟಿಕತೆ ತೀವ್ರವಾಗಿದ್ದರೆ ದೊಡ್ಡ ಶಸ್ತ್ರಚಿಕಿತ್ಸೆಯನ್ನು ಮುಂದೂಡಿಯಾದರೂ 7ರಿಂದ 14 ದಿನ ಪೋಷಣೆ ಕೊಡಬೇಕೆಂದು ಯುರೋಪಿನ ಪೋಷಣಾ ತಜ್ಞರ ಸಂಘದ ಮಾರ್ಗಸೂಚಿಗಳು ಹೇಳುತ್ತವೆ, ಅದಕ್ಕೆ ಮೊದಲು ಅಪೌಷ್ಟಿಕತೆಯನ್ನು ಯಾರಾದರೂ ಗಮನಿಸಬೇಕಲ್ಲ. ಐಸಿಯುವಿನಲ್ಲಿ ನಾವು ಗಂಟೆಗೆ ನಾಲ್ಕು ಚಮಚದಿಂದ ಆರಂಭಿಸಬೇಕಾಗಿ ಬಂದದ್ದು ಹೊರಗೆ ನಾಲ್ಕು ತಿಂಗಳು ಯಾರೂ ತೂಕ ಬರೆಯದ್ದರಿಂದ. ಇದನ್ನು ಓದುವವರ ಮನೆಯಲ್ಲಿ ಯಾರಾದರೂ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದರೆ, ಪ್ರತಿ ಭೇಟಿಯಲ್ಲೂ ತೂಕ ನೋಡಿಸಿ, ಕಡತದ ಮೇಲುಹೊದಿಕೆಯ ಮೇಲೆ ತಾರೀಖಿನ ಜೊತೆ ನೀವೇ ಬರೆಯಿರಿ. ರೊಟ್ಟಿಯಿಂದ ಅನ್ನಕ್ಕೆ, ಅನ್ನದಿಂದ ಗಂಜಿಗೆ ಇಳಿದ ದಿನವನ್ನೂ ಬರೆಯಿರಿ. ಎರಡು ಕಿಲೋ ಇಳಿದರೆ ವೈದ್ಯರ ಮುಂದೆ ಅದನ್ನೇ ಮೊದಲು ಹೇಳಿ, ಆಹಾರತಜ್ಞರನ್ನು ಕಾಣಬೇಕೆಂದು ಕೇಳಿ.

ಮೂರು ತಿಂಗಳ ನಂತರ ಅವರು ಹೊರರೋಗಿ ವಿಭಾಗಕ್ಕೆ ಬಂದಿದ್ದರು. ಸೊಸೆ ಪಾಟಿಯ ಬದಲು ಈಗ ನೋಟ್‌ಬುಕ್ ತಂದಿದ್ದಳು, ಅದರಲ್ಲಿ ಹನ್ನೆರಡು ವಾರಗಳ ತೂಕವಿತ್ತು, ಊರಿನ ರೇಷನ್ ಅಂಗಡಿಯ ತಕ್ಕಡಿಯಲ್ಲಿ ಪ್ರತಿ ಭಾನುವಾರ ನೋಡಿದ್ದು. ಕೊನೆಯ ಸಾಲಿನಲ್ಲಿ 53 ಎಂದಿತ್ತು.